ನೋವಿಲ್ಲದ ರೋಗಕ್ಕೆ ನಿತ್ಯದ ಗುಳಿಗೆ ಏಕೆ?

ಹೊಟ್ಟೆನೋವು ಬಂದವರಿಗೆ ಔಷಧ ಸೇವಿಸಿರೆಂದು ಯಾರೂ ಉಪದೇಶಿಸಬೇಕಾಗಿಲ್ಲ. ನೋವೇ ಅವರನ್ನು ವೈದ್ಯರ ಬಾಗಿಲಿಗೆ ಕರೆದೊಯ್ಯುತ್ತದೆ. ನೋವು ನಿಂತಾಗ ಔಷಧದ ಗುಣವೂ ಅವರಿಗೇ ತಿಳಿಯುತ್ತದೆ. ಅಧಿಕ ರಕ್ತದೊತ್ತಡದ ಮಾತು ಹಾಗಲ್ಲ. ಬಹುಮಂದಿಗೆ ಅದು ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು. ಆದುದರಿಂದಲೇ ನಮ್ಮ ಮನೆಗಳ ಹಿರಿಯರಲ್ಲಿ ಅನೇಕರು ನಾಲ್ಕು ತಿಂಗಳು ಗುಳಿಗೆ ನುಂಗಿ, "ಈಗ ಆರಾಮವಾಗಿದ್ದೇನೆ, ಇನ್ನು ಇದೇಕೆ?" ಎಂದು ನಿಲ್ಲಿಸಿಬಿಡುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ವೈದ್ಯವಿಜ್ಞಾನವೂ ಬಹುಕಾಲ ಇದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿತು. ಅದಕ್ಕೆ ಉತ್ತರ ದೊರೆತ ಬಗೆಯನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ.

ಅಳೆಯಬಲ್ಲವರು, ಇಳಿಸಲಾರದವರು

ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕಂಬದಿಂದ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ವೈದ್ಯ ರೀವಾ-ರೋಚಿ 1896ರಲ್ಲಿ ರೂಪಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ವೈದ್ಯರು ಸ್ಟೆತಾಸ್ಕೋಪಿನಿಂದ ನಾಡಿಯ ಸದ್ದನ್ನು ಆಲಿಸಿ ಎರಡು ಅಂಕಿಗಳನ್ನು ಗುರುತಿಸುವ ಕ್ರಮವನ್ನು ತೋರಿಸಿದರು. ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡಿದಾಗಿನ ಒತ್ತಡ ಮೇಲಿನ ಅಂಕಿ. ಅದು ಸಡಿಲಗೊಂಡಾಗಿನ ಒತ್ತಡ ಕೆಳಗಿನ ಅಂಕಿ. ಅಳೆಯುವ ವಿದ್ಯೆ ಹೀಗೆ ಕೈಗೆ ಬಂದರೂ ಇಳಿಸುವ ವಿದ್ಯೆ ಬರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಇಳಿಸಬೇಕೇ ಎಂಬುದರಲ್ಲೇ ಅನುಮಾನವಿತ್ತು. ವಯಸ್ಸಾದಂತೆ ರಕ್ತನಾಳಗಳು ಗಡಸಾಗುತ್ತವೆ, ಅವುಗಳ ಮೂಲಕ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ತಗ್ಗಿಸಿದರೆ ಮಿದುಳಿಗೂ ಮೂತ್ರಪಿಂಡಗಳಿಗೂ ರಕ್ತ ಸಾಲದೆ ಹೋದೀತು ಎಂದು ಅನೇಕ ವೈದ್ಯರು ಭಾವಿಸಿದ್ದರು.

ಆ ಕಾಲದ ಅಸಹಾಯಕತೆಗೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರೇ ನಿದರ್ಶನ. 1944ರ ಮಾರ್ಚಿಯಲ್ಲಿ ಹೃದಯತಜ್ಞರು ಪರೀಕ್ಷಿಸಿದಾಗ ಅವರ ರಕ್ತದೊತ್ತಡ 186/108 ಇತ್ತು, ಹೃದಯವೂ ದುರ್ಬಲವಾಗಿತ್ತು. ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಆಹಾರ, ಹೃದಯಕ್ಕೆ ಡಿಜಿಟಾಲಿಸ್, ಇವಿಷ್ಟೇ ವೈದ್ಯರ ಕೈಯಲ್ಲಿದ್ದ ಮುಖ್ಯ ಉಪಾಯಗಳು. 1945ರ ಏಪ್ರಿಲ್ 12ರಂದು ತಲೆ ಸಿಡಿಯುತ್ತಿದೆಯೆಂದ ರೂಸ್‌ವೆಲ್ಟರು ಪ್ರಜ್ಞೆ ತಪ್ಪಿದರು. ಆಗ ಅಳತೆ 300/190. ಮಿದುಳಿನ ರಕ್ತಸ್ರಾವದಿಂದ ಅದೇ ದಿನ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಲೋಕದ ಅತ್ಯಂತ ಬಲಿಷ್ಠ ರಾಷ್ಟ್ರದ ಅಧಿಪತಿಗೂ ಇಂದು ನಮ್ಮೂರಿನ ಔಷಧದಂಗಡಿಯಲ್ಲಿ ದೊರೆಯುವ ಗುಳಿಗೆ ಅಂದು ಇರಲಿಲ್ಲ.

ಸರ್ಪಗಂಧದ ಬೇರು

ಈ ಕತೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಸರ್ಪಗಂಧದ ಬೇರು ನಮ್ಮ ವೈದ್ಯ ಪರಂಪರೆಯಲ್ಲಿ ಹಾವಿನ ಕಡಿತಕ್ಕೂ ಉನ್ಮಾದಕ್ಕೂ ಬಹುಕಾಲದಿಂದ ಬಳಕೆಯಲ್ಲಿತ್ತು. ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು ಅದನ್ನು ರೋಗಿಗಳಿಗೆ ಕೊಟ್ಟು, ಒತ್ತಡವನ್ನು ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ಪಾಶ್ಚಾತ್ಯ ವೈದ್ಯರ ಗಮನ ಈ ಬೇರಿನತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಇದನ್ನೋದಿ ಸರ್ಪಗಂಧದ ಬೇರನ್ನು ಮನೆಯಲ್ಲೇ ಅರೆದು ಕುಡಿಯಲು ಯಾರೂ ಹೊರಡಬಾರದು. ಬೇರಿನಿಂದ ಬೇರಿಗೆ ಸತ್ತ್ವದ ಪ್ರಮಾಣ ಬದಲಾಗುತ್ತದೆ. ಮೂಗು ಕಟ್ಟುವುದು, ಮನಸ್ಸು ಕುಗ್ಗುವುದು ಮೊದಲಾದ ತೊಂದರೆಗಳಿಂದಾಗಿ ರೆಸರ್ಪಿನ್ ಕೂಡ ಇಂದು ವಿರಳವಾಗಿ ಬಳಕೆಯಲ್ಲಿದೆ.

ಗುಳಿಗೆ ಮತ್ತು ಹುಸಿಗುಳಿಗೆ

ಔಷಧವೇನೋ ಬಂದಿತು. ಅದರಿಂದ ಅಂಕಿ ಇಳಿಯುತ್ತದೆ, ನಿಜ. ಆದರೆ ಆಯುಷ್ಯ ಉಳಿಯುತ್ತದೆಯೆ? ಇದನ್ನು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಆದುದರಿಂದ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಡಾ. ಎಡ್ವರ್ಡ್ ಫ್ರೈಸ್ ಅವರ ಮುಂದಾಳತ್ವದಲ್ಲಿ ಒಂದು ಪ್ರಯೋಗ ನಡೆಯಿತು. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 73 ಮಂದಿಗೆ ನಿಜವಾದ ಔಷಧ, 70 ಮಂದಿಗೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. ಕೊಟ್ಟ ಔಷಧಗಳು ಮೂರು. ಅವುಗಳಲ್ಲಿ ಒಂದು ನಮ್ಮ ಸರ್ಪಗಂಧದ ಸತ್ತ್ವವಾದ ರೆಸರ್ಪಿನ್.

ಸರಾಸರಿ ಎರಡು ವರ್ಷ ತುಂಬುವುದರೊಳಗಾಗಿಯೇ ಫಲಿತಾಂಶ ಸ್ಪಷ್ಟವಾಯಿತು. 1967ರಲ್ಲಿ ಅದು ಪ್ರಕಟವಾಯಿತು. ಹುಸಿಗುಳಿಗೆಯವರಲ್ಲಿ 27 ಮಂದಿಗೆ ತೀವ್ರ ತೊಡಕುಗಳು ಒದಗಿದವು, ನಾಲ್ವರು ಮಡಿದರು. ಔಷಧ ಪಡೆದವರಲ್ಲಿ ತೀವ್ರ ತೊಡಕು ಕಂಡುಬಂದದ್ದು ಇಬ್ಬರಲ್ಲಿ ಮಾತ್ರ. ಮಡಿದವರು ಒಬ್ಬರೂ ಇಲ್ಲ. ಒತ್ತಡ ಇಳಿಸಿದರೆ ಅಪಾಯವೆಂಬ ಹಳೆಯ ಭೀತಿ ಅಲ್ಲಿಗೆ ಸಡಿಲಿತು.

ನೂರರಲ್ಲಿ ಮೂವರು

"ಅದು ತೀರ ಹೆಚ್ಚಿದ್ದವರ ಮಾತಾಯಿತು, ವಯಸ್ಸಾದವರಿಗೆ ಮೇಲಿನ ಅಂಕಿ ಸ್ವಲ್ಪ ಹೆಚ್ಚಿರುವುದು ಸಹಜವಲ್ಲವೆ?" ಎಂದು ಕೇಳುವವರುಂಟು. ಇದಕ್ಕೂ ಉತ್ತರ ದೊರೆತಿದೆ. 60 ವರ್ಷ ದಾಟಿದ, ಮೇಲಿನ ಅಂಕಿ ಮಾತ್ರ 160 ಅಥವಾ ಅದಕ್ಕಿಂತ ಹೆಚ್ಚಿದ್ದ 4,736 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಹೊರಬಂದಿತು. ಐದು ವರ್ಷಗಳ ಲೆಕ್ಕದಲ್ಲಿ ಹುಸಿಗುಳಿಗೆಯವರ ಪೈಕಿ ನೂರಕ್ಕೆ 8.2 ಮಂದಿಗೆ ಪಾರ್ಶ್ವವಾಯು ಬಡಿದರೆ, ಔಷಧ ಪಡೆದವರಲ್ಲಿ ಅದು 5.2ಕ್ಕೆ ಇಳಿದಿತ್ತು. 80 ದಾಟಿದ 3,845 ವೃದ್ಧರ ಮೇಲೆ ನಡೆದ ಇನ್ನೊಂದು ಪ್ರಯೋಗವನ್ನು, ಔಷಧ ಪಡೆದವರಲ್ಲಿ ಸಾವು ಕಡಿಮೆಯೆಂದು ಕಂಡುಬಂದುದರಿಂದ ಅವಧಿಗೆ ಮೊದಲೇ ನಿಲ್ಲಿಸಿ, 2008ರಲ್ಲಿ ವರದಿ ಪ್ರಕಟಿಸಿದರು.

ನೂರರಲ್ಲಿ ಮೂವರು ಎಂಬ ಈ ಲೆಕ್ಕವನ್ನು ನಾವು ಚೆನ್ನಾಗಿ ಮನನ ಮಾಡಬೇಕು. ಪಾರಾದ ಆ ಮೂವರು ಯಾರು? ಯಾರಿಗೂ ಗೊತ್ತಿಲ್ಲ. ಪಾರಾದವರಿಗೂ ತಾವು ಪಾರಾದೆವೆಂದು ಗೊತ್ತಿಲ್ಲ. ಬಾರದೆ ಹೋದ ಪಾರ್ಶ್ವವಾಯುವಿಗೆ ನೋವಿಲ್ಲ, ಗುರುತಿಲ್ಲ. ಗುಳಿಗೆಯ ಫಲ ನಮ್ಮ ಅನುಭವಕ್ಕೆ ಬಾರದಿರುವುದು ಇದಕ್ಕಾಗಿಯೇ. ಅನೇಕ ಮಂದಿ ಅಪರಿಚಿತರು ತಮ್ಮ ದೇಹವನ್ನು ಪರೀಕ್ಷೆಗೆ ಒಡ್ಡಿ ನಮಗಾಗಿ ಈ ಫಲವನ್ನು ಕಂಡು ತಿಳಿಸಿದ್ದಾರೆ.

ಅಡುಗೆಮನೆಯ ಪಾಲು

ಔಷಧವೊಂದೇ ಸಾಲದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಪ್ರಯೋಗದ ವರದಿ 2021ರಲ್ಲಿ ಬಂದಿತು. ಅರ್ಧದಷ್ಟು ಹಳ್ಳಿಗಳಲ್ಲಿ ಸಾಮಾನ್ಯ ಉಪ್ಪಿನ ಬದಲು, ಕಾಲುಭಾಗ ಪೊಟ್ಯಾಸಿಯಂ ಲವಣ ಬೆರೆಸಿದ ಉಪ್ಪನ್ನು ಕೊಡಲಾಯಿತು. ಅಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ತಗ್ಗಿತು. ಮೂತ್ರಪಿಂಡದ ಕಾಯಿಲೆಯವರಿಗೂ ಕೆಲವು ಔಷಧ ಸೇವಿಸುವವರಿಗೂ ಈ ಉಪ್ಪು ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿಯ ಜೊತೆ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇವೆಲ್ಲ ಒಟ್ಟಾಗಿ ಎಲೆಗೆ ಬಂದಾಗ ಆ ಮಿತಿ ಎಲ್ಲಿ ಉಳಿದೀತೆಂದು ನಮ್ಮ ತಾಯಂದಿರು ವಿವೇಚಿಸಲಿ.

ಆರಾಮವಾಗಿದ್ದಾಗಲೇ ಎಚ್ಚರ

ಭಾರತೀಯರಿಗೆ ಯಾವ ಔಷಧ ಒಗ್ಗುತ್ತದೆ ಎಂಬ ಪ್ರಶ್ನೆಗೂ ಈಗ ಉತ್ತರವಿದೆ. ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ 1,981 ರೋಗಿಗಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೆರಡು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಮೂರು ಬಗೆಗಳನ್ನು ಹೋಲಿಸಲಾಯಿತು. ಮೂರೂ ಒತ್ತಡವನ್ನು ಸರಿಸುಮಾರು ಒಂದೇ ಸಮನಾಗಿ ಇಳಿಸಿದವು. ಎಂದಮೇಲೆ ಕೊರತೆಯಿರುವುದು ಔಷಧದಲ್ಲಲ್ಲ, ಅದನ್ನು ಬಿಡದೆ ಸೇವಿಸುವುದರಲ್ಲಿ.

ಆದಕಾರಣ ಮನೆಯಲ್ಲಿ 30 ದಾಟಿದವರೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಸರಿ, ಒಮ್ಮೆ ರಕ್ತದೊತ್ತಡ ಅಳೆಯಿಸಿಕೊಳ್ಳಲಿ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಚಹಾ, ತಂಬಾಕು ಅರ್ಧ ಗಂಟೆ ಮೊದಲೇ ಬಿಟ್ಟಿರಬೇಕು. ಗುಳಿಗೆಯಿಂದ ಪಾದ ಊದಿದರೆ, ಒಣಕೆಮ್ಮು ಹತ್ತಿದರೆ, ಎದ್ದಾಗ ತಲೆ ಸುತ್ತಿದರೆ ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಬೇರೆ ಗುಳಿಗೆಯನ್ನೋ ಬೇರೆ ಪ್ರಮಾಣವನ್ನೋ ಸೂಚಿಸುತ್ತಾರೆ. ಅಜ್ಜ ಅಜ್ಜಿಯರ ಗುಳಿಗೆಯ ಹೊತ್ತನ್ನು ನೆನಪಿಸುವ, ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮೊಮ್ಮಕ್ಕಳು ವಹಿಸಿಕೊಳ್ಳಲಿ. ಅಳತೆ ಸರಿಯಾಗಿದೆಯೆಂದರೆ ರೋಗ ತೊಲಗಿತೆಂದು ಅರ್ಥವಲ್ಲ. ಗುಳಿಗೆ ತನ್ನ ಕೆಲಸ ಮಾಡುತ್ತಿದೆಯೆಂದು ಅರ್ಥ. "ಆರಾಮವಾಗಿದ್ದೇನೆ, ಇನ್ನು ಇದೇಕೆ?" ಎಂದು ಹಿರಿಯರು ಕೇಳಿದಾಗ, "ಹೀಗೆಯೇ ಆರಾಮವಾಗಿರಲೆಂದು" ಎನ್ನುವುದೇ ನಾವು ಕೊಡಬೇಕಾದ ಉತ್ತರ.