ಬಸಿದ ನೀರು ಚೆಲ್ಲದ ಸೀಮೆ

ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೆ ದಕ್ಕುವುದು ಹೆಚ್ಚೂಕಡಿಮೆ 600 ಮಿ.ಮೀ. ನಡುವೆ ಬಾಬಾಬುಡನ್‌ಗಿರಿ ಸಾಲು ಅಡ್ಡಗಟ್ಟಿ ನಿಂತಿದೆ. ಪಡುವಣ ಮೋಡ ಆಚೆ ಮಗ್ಗುಲಲ್ಲೇ ಬರಿದಾಗುತ್ತದೆ, ಈಚೆಗೆ ದಾಟಿ ಬರುವುದು ಬಹುಪಾಲು ಗಾಳಿ. ಗಿರಿಯ ಬುಡದ ತರೀಕೆರೆ ಅರೆ ಮಲೆನಾಡು: ಅಡಿಕೆ, ಭತ್ತ, ಕಡುಬು, ಅಕ್ಕಿರೊಟ್ಟಿ. ಪೂರ್ವಕ್ಕೆ ಸರಿದರೆ ಅಜ್ಜಂಪುರದ ಎರೆಹೊಲ: ಈರುಳ್ಳಿ, ಜೋಳ, ಕಡಲೆ. ದಕ್ಷಿಣಕ್ಕಿಳಿದರೆ ಕಡೂರು: ರಾಗಿ, ಹುರುಳಿ, ತೆಂಗು. ಅಕ್ಕಪಕ್ಕದ ಮೂರು ತಾಲ್ಲೂಕು, ಮೂರು ಬಗೆಯ ತಟ್ಟೆ. ಆದರೆ ಒಲೆಯ ಮುಂದಿನ ನಡವಳಿಕೆ ಒಂದೇ. ಕಾಳೋ ಸೊಪ್ಪೋ ಮಾಂಸವೋ, ಬೇಯಿಸಿದ ನೀರನ್ನು ಇಲ್ಲಿ ಯಾರೂ ಚೆಲ್ಲುತ್ತಿರಲಿಲ್ಲ. ಈ ಸೀಮೆಯ ಮನೆಯಡುಗೆ ಹುಟ್ಟಿದ್ದೇ ಆ ಒಂದು ಕಟ್ಟುಪಾಡಿನಿಂದ ಎಂದು ನನಗನ್ನಿಸುತ್ತದೆ. ಆರೋಗ್ಯದ ಹೆಸರಿನಲ್ಲಿ ಇವತ್ತು ನಾವು ಹುಡುಕುತ್ತಿರುವ ಎಷ್ಟೋ ಸಂಗತಿ ಅದರಲ್ಲೇ ಇದೆ.

ಬಸ್ಸಾರನ್ನೇ ನೋಡಿ. ಹೊಲದ ಬದುವಿನಿಂದ ತಂದ ಬೆರಕೆ ಸೊಪ್ಪು: ದಂಟು, ಕೀರೆ, ಗಣಿಕೆ, ಅಣ್ಣೆ, ಹೊನಗೊನೆ, ಆ ದಿನ ಕೈಗೆ ಸಿಕ್ಕಿದ್ದು. ಮೊದಲು ಅಲಸಂದೆಯನ್ನೋ ತೊಗರಿಯನ್ನೋ ನೀರಿಗೆ ಹಾಕುತ್ತಾರೆ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು. ಸೊಪ್ಪು ಬಾಡಿ ಬಣ್ಣ ಕೆಡುವ ಮೊದಲೇ ಇಳಿಸಿ, ತಟ್ಟೆ ಅಡ್ಡ ಹಿಡಿದು ನೀರು ಬಸಿಯುತ್ತಾರೆ. ಇನ್ನು ಪಾತ್ರೆ ಎರಡು ದಾರಿ ಹಿಡಿಯಿತು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ, ಒಂದು ಹಿಡಿ ಕಾಯಿತುರಿ, ಅದು ಪಲ್ಯ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆ ಮತ್ತು ಬೆಂದ ಕಾಳನ್ನೇ ಒಂದು ಸೌಟು ತೆಗೆದು ರುಬ್ಬಿ ಹಾಕುತ್ತಾರೆ. ಆ ಒಂದು ಸೌಟು ಕಾಳು ಬಿದ್ದರೆ ಸಾರಿಗೆ ಮೈ ಬರುತ್ತದೆ. ಒಂದೇ ಸೌದೆ, ಒಂದೇ ಬಿಂದಿಗೆ ನೀರು, ಎರಡು ಪದಾರ್ಥ. ಹುರುಳಿ ಕಟ್ಟಿನದೂ ಇದೇ ದಾರಿ. ಕಟ್ಟು ಸಾರಿಗೆ, ಕಾಳು ಉಸಲಿಗೆ, ಮಿಕ್ಕಿದ್ದು ಎತ್ತಿಗೆ.

ಇದರಲ್ಲಿ ಅಡಗಿರುವ ಲೆಕ್ಕ ಬಡತನದ್ದು ಮಾತ್ರವಲ್ಲ. ಸಿ ಜೀವಸತ್ವ, ಫೋಲೇಟ್, ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ ಎಲ್ಲ ನೀರಿಗೆ ಇಳಿಯುವಂಥವು. ಸೊಪ್ಪನ್ನು ಬೇಯಿಸಿ ನೀರು ಬಚ್ಚಲಿಗೆ ಹೊಯ್ದರೆ ಅವುಗಳ ದೊಡ್ಡ ಪಾಲು ಅಲ್ಲೇ ಹೋಯಿತು. ಬಿಸಿಗೆ ಒಂದಿಷ್ಟು ಹಾಳಾಗುವುದು ಹೇಗೂ ತಪ್ಪದು, ನೀರಿಗೆ ಇಳಿದದ್ದು ಮಾತ್ರ ಬಸ್ಸಾರಿನಲ್ಲಿ ತಟ್ಟೆಗೆ ವಾಪಸು ಬರುತ್ತದೆ. ಹುಣಸೆಯ ಹುಳಿಗೂ ಮೇಲೆ ಹಿಂಡಿದ ನಿಂಬೆಗೂ ರುಚಿಯಾಚೆ ಒಂದು ಕೆಲಸವಿದೆ. ಸೊಪ್ಪು-ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ನೆರವಾಗುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಅದೇ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಬಿಡಬೇಕು.

ಚೆಲ್ಲಲೇಬೇಕಾದ ನೀರೂ ಒಂದಿದೆ, ಅದನ್ನು ತರೀಕೆರೆಯ ಕಾಡಂಚಿನವರು ಚೆನ್ನಾಗಿ ಬಲ್ಲರು. ಮಳೆಗಾಲದ ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ಆ ನೀರು ಚೆಲ್ಲಿ ಹೊಸ ನೀರು ಹೊಯ್ಯುತ್ತಾರೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ನೆನೆಸುವುದರಿಂದ, ಆಮೇಲೆ ಚೆನ್ನಾಗಿ ಬೇಯಿಸುವುದರಿಂದ ಅದು ಹೋಗುತ್ತದೆ. ಯಾವ ನೀರು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ ಈ ಅಡುಗೆಮನೆಗಳಲ್ಲಿ ಪ್ರಯೋಗಾಲಯ ಬರುವುದಕ್ಕೆ ಎಷ್ಟೋ ಮೊದಲೇ ನೆಲೆಯಾಗಿತ್ತು.

ಮಾಂಸದ ಕಥೆ ಹುಲ್ಲಿನಿಂದ ಶುರುವಾಗುತ್ತದೆ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತು, ಅದರ ಕಾವಲುಗಳು ಈ ಬಯಲಿನುದ್ದಕ್ಕೂ ಹಬ್ಬಿದ್ದವು. ಅಜ್ಜಂಪುರದಲ್ಲಿ 1929ರಲ್ಲಿ ಶುರುವಾದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. ದನ ಮೇಯುವ ಬಯಲೆಂದರೆ ಕುರಿ ಮೇಯುವ ಬಯಲೂ ಹೌದು. ಹಾಗಾಗಿ ಈ ಕಡೆ ಬಾಡು ಅಂದರೆ ಕುರಿ, ಮೇಕೆ, ಹಿತ್ತಲ ನಾಟಿಕೋಳಿ. ಅದೂ ದಿನನಿತ್ಯದ್ದಲ್ಲ. ಯುಗಾದಿ ಮಾರನೆಯ ದಿನದ ವರ್ಷತೊಡಕು, ಮಾರಿಹಬ್ಬ, ನೆಂಟರು ಬಂದ ದಿನ. ಹತ್ತಾರು ಮನೆಯವರು ಕೂಡಿ ಒಂದು ಕುರಿ ಕೊಂಡು ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಯಲ್ಲೂ ಮೆತ್ತನೆ ಮಾಂಸ, ಮೂಳೆ, ಈಲಿ, ಬೋಟಿ ಎಲ್ಲವೂ ಸಮವಾಗಿ ಬೀಳಬೇಕು, ಇಲ್ಲದಿದ್ದರೆ ಜಗಳ.

ಗುಡ್ಡೆ ಬಾಡು ಬೇಯಿಸುವ ಕ್ರಮದಲ್ಲೂ ನೀರಿನ ವಿಷಯದಲ್ಲಿ ಅದೇ ಎಚ್ಚರ. ಈರುಳ್ಳಿ ಬಾಡಿಸಿ, ಅರಿಶಿನ ಹಾಕಿ, ಮಾಂಸವನ್ನು ತನ್ನ ನೀರಿನಲ್ಲೇ ಬೇಯಲು ಬಿಡುತ್ತಾರೆ. ಆ ನೀರು ಇಂಗಿ ತಳ ಚುರುಗುಟ್ಟಿದಾಗಲೇ ಮೇಲಿನಿಂದ ಬಿಸಿನೀರು. ತಣ್ಣೀರು ಹೊಯ್ದರೆ ಮಾಂಸ ಗಟ್ಟಿಯಾಗುತ್ತದೆ ಎಂದು ಗದರುವ ಅಜ್ಜಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಆಮೇಲೆ ರುಬ್ಬಿದ ಖಾರ, ಧಾರಾಳವಾಗಿ ಸಾರು. ತುಂಡು ಕಡಿಮೆ, ಸಾರು ಜಾಸ್ತಿ, ಮುದ್ದೆ ಮುಖ್ಯ. ಕೆಂಪು ಮಾಂಸವನ್ನು ಮಿತವಾಗಿ ತಿನ್ನಿ ಎಂದು ವೈದ್ಯರು ಈಗ ಹೇಳುವುದನ್ನು ಈ ಏರ್ಪಾಟು ಮೊದಲೇ ನಡೆಸಿಕೊಂಡು ಬಂದಿತ್ತು. ಈಗಿನವರಿಗೆ ನನ್ನದೊಂದು ಮಾತು: ಕತ್ತರಿಸುವಾಗಲೇ ಕೊಬ್ಬು ಬಿಡಿಸಿ, ಸಾರು ಆರಿದ ಮೇಲೆ ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ತೆಗೆದುಬಿಡಿ. ಹಸಿ ಮಾಂಸ ಹೆಚ್ಚಿದ ಮಣೆಯಲ್ಲಿ, ತೊಳೆಯದೆ, ಸೌತೆಕಾಯಿ ಹೆಚ್ಚಬೇಡಿ. ಫಾರಂ ಕೋಳಿಯಾದರೆ ಮೂಳೆಯ ಪಕ್ಕ ಕೆಂಪು ಉಳಿಯದಂತೆ ಬೇಯಬೇಕು.

ಮೀನು ಇಲ್ಲಿಗೆ ಎರಡು ದಾರಿಯಲ್ಲಿ ಬಂತು. ಗಿರಿಯಿಂದ ಇಳಿಯುವ ವೇದಾ ನದಿ ಅಯ್ಯನಕೆರೆಯನ್ನೂ ಆವತಿ ಹೊಳೆ ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ಕೆರೆಗಳಲ್ಲಿ ಮೊದಲಿಗೆ ಸಿಗುತ್ತಿದ್ದುದು ನಾಟಿ ಮೀನು. ಇವತ್ತು ಸಂತೆಯಲ್ಲಿ ಕಾಣುವ ಕಾಟ್ಲಾ, ರೋಹು ಮೂಲತಃ ಗಂಗೆಯ ಬಯಲಿನವು. ಹರಿಯುವ ಹೊಳೆಯಲ್ಲಲ್ಲದೆ ಕೆರೆಯ ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ 1957ರ ಜುಲೈ 10ರಂದು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ದೇಶದ ಕೆರೆಗಳಿಗೆ ಬೇಕಾದಷ್ಟು ಮೀನುಮರಿ ಸಿಗುವ ದಾರಿ ತೆರೆಯಿತು. 1952ರಲ್ಲಿ ಹೊರದೇಶದಿಂದ ಬಂದ ತಿಲಾಪಿಯಾ ನಮ್ಮಲ್ಲಿ ಜಿಲೇಬಿ ಮೀನಾಯಿತು. 1960ರ ದಶಕದಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. ಅಗಾಧ ಹಿನ್ನೀರಿನ ಜೊತೆ ಆ ಭಾಗದ ಮನೆಗಳಿಗೆ ಮೀನಿನ ಸಾರು ವಾರದ ಊಟವಾಗುವಷ್ಟು ಹತ್ತಿರವಾಯಿತು.

ಕೆರೆ ಮೀನಿಗೊಂದು ಮಣ್ಣಿನ ವಾಸನೆ. ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಕಾರಣ, ನೀರಿನ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಹುಳಿಗೆ ಅದು ಒಡೆದುಹೋಗುತ್ತದೆ. ಉಪ್ಪು, ಅರಿಶಿನ ಹಾಕಿ ಉಜ್ಜಿ ತೊಳೆದು, ಗಟ್ಟಿ ಹುಣಸೆರಸದಲ್ಲಿ ಬೇಯಿಸುವ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ. ಹುಳಿ-ಖಾರ ಚೆನ್ನಾಗಿ ಕುದಿದು ಹಸಿ ವಾಸನೆ ಹೋದ ಮೇಲೆ ತುಂಡು ಬಿಡಬೇಕು. ಹತ್ತು ನಿಮಿಷ ಸಾಕು. ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ.

ಕಡಲ ಮೀನು ಬಂದದ್ದು ಬೇರೆ ದಾರಿಯಲ್ಲಿ. ಮೊದಲು ಬಂದದ್ದು ಒಣಮೀನು. ಐಸ್ ಹಾಕಿದ ವಾಹನಗಳು ಬಂದ ಮೇಲಷ್ಟೇ ಮಂಗಳೂರಿನ ಬೂತಾಯಿ, ಬಂಗುಡೆ ಚಾರ್ಮಾಡಿ ಘಾಟಿ ಹತ್ತಿ ಹಸಿಯಾಗಿ ಇಲ್ಲಿಗೆ ತಲುಪಿದವು. ಹೃದಯಕ್ಕೆ ಒಳ್ಳೆಯದೆಂದು ಹೇಳುವ ಒಮೆಗಾ-3 ಕೊಬ್ಬು ದುಬಾರಿ ಮೀನಿಗಿಂತ ಈ ಅಗ್ಗದ ಬೂತಾಯಿಯಲ್ಲೇ ಸಮೃದ್ಧ. ಕಣ್ಣು ತಿಳಿಯಾಗಿ, ಕಿವಿರು ಕೆಂಪಾಗಿ, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೆದ್ದರೆ ಕೊಳ್ಳಿ. ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ ಉಪ್ಪು ಬಿಡಿಸದೆ ಒಲೆಗೆ ಇಡಬೇಡಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಒಂದೇ ತಟ್ಟೆಗೆ ಬಿದ್ದ ದಿನ ಆ ಮಿತಿ ಉಳಿಯುವುದು ಕಷ್ಟ.

ಇಷ್ಟರ ನಡುವೆ ಅಡುಗೆಮನೆಗೆ ಕುಕ್ಕರ್ ಬಂತು. ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಗೆ ಏರುವುದರಿಂದ ಹುರುಳಿ, ಅವರೆ ಬೇಗ ಬೇಯುತ್ತವೆ, ಸೌದೆಯ ಹೊಗೆ ಕುಡಿದು ಕೆಮ್ಮುತ್ತಿದ್ದ ಹೆಂಗಸರಿಗೆ ಗ್ಯಾಸ್ ಒಲೆಯೊಡನೆ ಅದು ನಿಜವಾದ ಬಿಡುಗಡೆ. ಅದನ್ನು ದೂರಲು ನನಗೆ ಮನಸ್ಸಿಲ್ಲ. ಕುಕ್ಕರಿನಲ್ಲಿ ಕಾಳು ಕೂಗಿಸಿ, ಮುಚ್ಚಳ ತೆಗೆದ ಮೇಲೆ ಸೊಪ್ಪು ಹಾಕಿ ಮೂರು ನಿಮಿಷ ಕುದಿಸಿ ಬಸಿದರೆ ಬಸ್ಸಾರಿಗೆ ಏನೂ ಕೊರತೆಯಿಲ್ಲ. ಸೊಪ್ಪನ್ನೂ ಕಾಳಿನ ಜೊತೆಗೇ ಹಾಕಿ ನಾಲ್ಕು ಸೀಟಿ ಕೂಗಿಸುವುದಷ್ಟೇ ತಪ್ಪು. ಎಣ್ಣೆಯ ಮಾತು ಬೇರೆ. ಹುಚ್ಚೆಳ್ಳು, ಕಡಲೆಕಾಯಿ ಗಾಣಕ್ಕೆ ಹೋಗಿ ಚೊಂಬಿನಲ್ಲಿ ಬರುತ್ತಿದ್ದ ಕಾಲದಲ್ಲಿ ಕರಿದದ್ದು ಹಬ್ಬಕ್ಕೆ ಮಾತ್ರ. ಈಗ ಲೀಟರ್ ಪ್ಯಾಕೆಟ್ ಕೈಗೆಟುಕುವಲ್ಲೇ ಇದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ರಾಗಿಯ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರವೂ ಇಲ್ಲ. ಹಾಗೆಂದು ಮುದ್ದೆ ಸಕ್ಕರೆ ಕಾಯಿಲೆಗೆ ಮದ್ದಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯಲ್ಲೂ ಪಿಷ್ಟ ಬೇಕಾದಷ್ಟಿದೆ, ನೇಗಿಲು ಹಿಡಿಯುತ್ತಿದ್ದವರ ಅಳತೆಯ ಮುದ್ದೆ ಕುರ್ಚಿಯ ಕೆಲಸದವರಿಗೆ ಹೆಚ್ಚಾಯಿತು. ಮುದ್ದೆ ಚಿಕ್ಕದಾಗಲಿ, ಪಲ್ಯದ ಗುಡ್ಡೆ ದೊಡ್ಡದಾಗಲಿ.

ಆದರೆ ಪಲ್ಯಕ್ಕೆ ಸೊಪ್ಪು ಎಲ್ಲಿಂದ ಬರಬೇಕು? ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ಅವುಗಳ ನಡುವೆ ಯಾರೂ ಬಿತ್ತದ ಅಣ್ಣೆ, ಗಣಿಕೆ ತಾವಾಗಿ ಏಳುತ್ತಿದ್ದವು. ಒಂದೇ ಹೊಲ ಹಿಟ್ಟು, ಕಾಳು, ಸೊಪ್ಪು, ಎಣ್ಣೆ ನಾಲ್ಕನ್ನೂ ಕೊಡುತ್ತಿತ್ತು. ಈಗ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಸುರಂಗ ಅಜ್ಜಂಪುರದ ಬಳಿಯೇ ಹಾದಿದೆ, 2019ರಲ್ಲಿ ಅದರ ನೀರು ವಾಣಿವಿಲಾಸ ಸಾಗರದ ಕಡೆಗೆ ಹರಿಯಿತು. ಬೋರ್‌ವೆಲ್ಲೂ ಕಾಲುವೆಯ ಆಸೆಯೂ ಸೇರಿ ಬಯಲುಸೀಮೆಯ ಕೆಂಪು ಹೊಲಗಳಲ್ಲಿ ಅಡಿಕೆ ಸಸಿ ಸಾಲುಗಟ್ಟುತ್ತಿದೆ. ರೈತನಿಗೆ ನಾಲ್ಕು ಕಾಸು ಬರುವುದನ್ನು ಬೇಡವೆನ್ನಲು ನಾವ್ಯಾರು? ಕಳೆನಾಶಕ ಬಿದ್ದ ತೋಟದಲ್ಲಿ ಮಾತ್ರ ಬೆರಕೆ ಸೊಪ್ಪು ಹುಟ್ಟುವುದಿಲ್ಲ, ಬಸಿಯಲು ಏನೂ ಇರುವುದಿಲ್ಲ. ತೋಟದ ಬೇಲಿಗೆ ಎರಡು ನುಗ್ಗೆ ಕೊಂಬೆ ನೆಡಿ, ಪಾತ್ರೆ ತೊಳೆಯುವ ನೀರು ಹರಿಯುವ ಕಡೆ ಒಂದು ಮಡಿ ದಂಟು ಚೆಲ್ಲಿ, ಹೊಲದ ಒಂದು ಮೂಲೆಗಾದರೂ ಕಳೆನಾಶಕ ಹೊಡೆಯದೆ ಬಿಡಿ. ಹದ ಮಳೆ ಬಿದ್ದ ಮೇಲೆ ಒಂದು ತಿಂಗಳೊಳಗೆ ದಂಟು ಕೀಳಲು ಬರುತ್ತದೆ.