ಮಂಡಿಗೆ ಸಕ್ಕರೆ ನೀರು

‘ಸುಸ್ತಾಗ್ತಿದೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ ಡಾಕ್ಟ್ರೇ’ ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ. ಅದೇ ಗ್ಲೂಕೋಸನ್ನು ಗಟ್ಟಿ ದ್ರಾವಣ ಮಾಡಿ ನೋಯುವ ಮಂಡಿಗೇ ಚುಚ್ಚುವ ಚಿಕಿತ್ಸೆಯೂ ಇದೆ: ಪ್ರೋಲೋಥೆರಪಿ. ಆ ಹೆಸರನ್ನು 1950ರ ದಶಕದಲ್ಲಿ ಚಾಲ್ತಿಗೆ ತಂದವರು ಅಮೆರಿಕದ ಓಹಾಯೊದ ಸರ್ಜನ್ ಜಾರ್ಜ್ ಹ್ಯಾಕೆಟ್. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಸಡಿಲವಾದರೆ ಕೀಲಿಗೆ ಬಿಗಿ ಇರುವುದಿಲ್ಲ, ನೋವು ಬಿಡುವುದಿಲ್ಲ. ಆ ಜಾಗವನ್ನು ಬೇಕೆಂದೇ ಸ್ವಲ್ಪ ಕೆರಳಿಸಿದರೆ ದೇಹ ತಾನೇ ಹೊಸ ನಾರು ಬೆಳೆಸುತ್ತದೆ ಎನ್ನುವುದು ಅವರ ವಾದ.

ವೈದ್ಯರು ಮಂಡಿಯ ಸುತ್ತ ಹೆಬ್ಬೆರಳಿನಿಂದ ಒತ್ತುತ್ತ ಹೋಗುತ್ತಾರೆ. ‘ಅಯ್ಯೋ, ಅಲ್ಲೇ’ ಎಂದ ಕಡೆ ಪೆನ್ನಿನ ಗುರುತು. ಲಿಗಮೆಂಟ್ ಮೂಳೆಗೆ ಅಂಟಿಕೊಂಡ ಜಾಗಕ್ಕೆ ಸೂಜಿ ಇಳಿಸಿ ಒಂದಿಷ್ಟು ಹನಿ. ಆಮೇಲೆ ಪಕ್ಕದ ಗುರುತು. ಮುಂದಿನ ಎರಡು ಮೂರು ದಿನ ನೋವು ಹೆಚ್ಚೇ ಆಗುತ್ತದೆ. ಆದರೂ ಬ್ರೂಫೆನ್ ಬೇಡ, ಪ್ಯಾರಸಿಟಮಾಲ್ ಸಾಕು ಎನ್ನುತ್ತಾರೆ. ಬೇಕೆಂದೇ ಎಬ್ಬಿಸಿದ ಉರಿಯೂತವನ್ನು ಮಾತ್ರೆ ನುಂಗಿ ಮಲಗಿಸಿದರೆ ಚುಚ್ಚಿಸಿಕೊಂಡು ಏನು ಬಂತು?

ಮಂಡಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನದು ಇದಕ್ಕೆ ತದ್ವಿರುದ್ಧ ದಾರಿ. ಉರಿಯೂತ ಬೇಗ ಇಳಿಯುತ್ತದೆ, ಮೆಟ್ಟಿಲು ಹತ್ತಬಹುದು. ಆದರೆ ಆ ಸುಖ ಕೆಲವು ವಾರಗಳದ್ದು. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಮಂಡಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನೋವಿನಲ್ಲಿ, ಹೋಲಿಕೆಗೆಂದು ಚುಚ್ಚಿದ ಬರೀ ಉಪ್ಪುನೀರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು.

ಹಾಗಾದರೆ ಸಕ್ಕರೆಯೇ ಗೆದ್ದಿತೆ? ಮಂಡಿಸವೆತದ 90 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಪ್ರಯೋಗದಲ್ಲಿ, ವರ್ಷದ ಕೊನೆಗೆ ಉಪ್ಪುನೀರು ಮತ್ತು ವ್ಯಾಯಾಮ ಎರಡಕ್ಕಿಂತಲೂ ಅದೇ ಮುಂದಿತ್ತು. ಆದರೆ 2004ರಲ್ಲಿ ಬಂದ, 110 ಜನರ ಸೊಂಟನೋವಿನ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಸಕ್ಕರೆಯವರೂ ಉಪ್ಪುನೀರಿನವರೂ ಒಂದೇ ಸಮ ಚೇತರಿಸಿಕೊಂಡರು. ಈ ಉಪ್ಪುನೀರು ಎಲ್ಲರ ಲೆಕ್ಕವನ್ನೂ ಕೆಡಿಸುತ್ತದೆ. ನಮ್ಮ ನಗರಗಳಲ್ಲಿ ಸಾವಿರಾರು ರೂಪಾಯಿಗೆ ಕೊಡುವ ಪಿಆರ್‌ಪಿ, ಅಂದರೆ ನಮ್ಮದೇ ರಕ್ತದ ಪ್ಲೇಟ್‌ಲೆಟ್ ಸಾರ, 2021ರ 288 ಜನರ ಪರೀಕ್ಷೆಯಲ್ಲಿ ಉಪ್ಪುನೀರಿನ ಮುಂದೆ ಮೇಲುಗೈ ಸಾಧಿಸಲಿಲ್ಲ. ಸೂಜಿ ಚುಚ್ಚುವುದೇ ಅರ್ಧ ಮದ್ದೋ, ನಂಬಿಕೆ ಇನ್ನರ್ಧವೋ ಎಂದು ಅನುಮಾನಪಡುವುದರಲ್ಲಿ ತಪ್ಪಿಲ್ಲ. ದುಬಾರಿ ಬಿಲ್ಲಿಗೆ ಸಹಿ ಹಾಕುವ ಮುನ್ನವಂತೂ ಪಡಲೇಬೇಕು.

ಯಾವ ಚುಚ್ಚುಮದ್ದಾದರೂ ಕೀಲಿಗೆ ಸೋಂಕು ತಗಲುವ ಅಪಾಯ ಸಣ್ಣದಾಗಿ ಇದ್ದೇ ಇದೆ. ಬೆನ್ನುಮೂಳೆಯ ಹತ್ತಿರವಾದರೆ ಇನ್ನೂ ಎಚ್ಚರ ಬೇಕು. ಹ್ಯಾಕೆಟ್ ಕಾಲದ ತೀಕ್ಷ್ಣ ದ್ರಾವಣಗಳು ಅಲ್ಲಿ ದಾರಿ ತಪ್ಪಿ ಪಾರ್ಶ್ವವಾಯು ತಂದ ಪ್ರಕರಣಗಳಿವೆ. ಇನ್ನು ಸಕ್ಕರೆ ಕಾಯಿಲೆಯವರು ಹೆಸರು ಕೇಳಿಯೇ ಬೆಚ್ಚುತ್ತಾರೆ. ಒಂದು ಸಲಕ್ಕೆ ಮಂಡಿಗೆ ಹೋಗುವ ಗ್ಲೂಕೋಸ್ ಸುಮಾರು ಒಂದು ಟೀ ಚಮಚದಷ್ಟು. ಅವರು ಮೊದಲೇ ವೈದ್ಯರಿಗೆ ಹೇಳಬೇಕಾದದ್ದು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವಾಗ, ಏಕೆಂದರೆ ರಕ್ತದ ಸಕ್ಕರೆಯನ್ನು ದಿನಗಟ್ಟಲೆ ಏರಿಸಿಡುವುದು ಅದು.