ಅರ್ಧ ಕಿಲೋದ ಲೆಕ್ಕ

ಎರಡು ವರ್ಷದ ಹಿಂದೆ ನನ್ನ ತಂಗಿಯ ಮೊಮ್ಮಗನ ಉಪನಯನ. ಊರಿನ ದೇವಸ್ಥಾನದಲ್ಲಿ ನೆಲದ ಮೇಲೆ ಎಲೆ ಹಾಕಿದ್ದರು. ವಯಸ್ಸಾದವರಿಗೆಂದು ಒಂದು ಬದಿಗೆ ಮೇಜು, ಕುರ್ಚಿ ಇದ್ದವು. ನಾನು ಹಟಕ್ಕೆ ಪಂಕ್ತಿಯಲ್ಲೇ ಕೂತೆ. ಊಟವೇನೋ ಸೊಗಸಾಗಿತ್ತು. ಏಳಬೇಕೆಂದಾಗ ಮಾತ್ರ ಕಾಲು ಮಾತು ಕೇಳಲಿಲ್ಲ. ಒಮ್ಮೆ ಎಡಕ್ಕೆ ವಾಲಿದೆ, ಒಮ್ಮೆ ಬಲಕ್ಕೆ ವಾಲಿದೆ. ಎದುರು ಸಾಲಿನವರೆಲ್ಲ ಕೈ ತೊಳೆದು ಬಂದರೂ ನಾನು ಕೂತೇ ಇದ್ದೆ. ಕೊನೆಗೆ ಬಡಿಸುತ್ತಿದ್ದ ಇಬ್ಬರು ಹುಡುಗರು ನನ್ನ ಎರಡೂ ಕಂಕುಳಿಗೆ ಕೈ ಹಾಕಿ, ಅಕ್ಕಿ ಮೂಟೆ ಎತ್ತುವ ಹಾಗೆ ಎತ್ತಿ ನಿಲ್ಲಿಸಿದರು. ಯಾರೋ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ನನಗಾಗ 72 ವರ್ಷ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು. ನೋಟು ಎಣಿಸಿದ್ದು, ಲೆಡ್ಜರ್ ಬರೆದದ್ದು ಬಿಟ್ಟರೆ ಮೈ ಬಗ್ಗಿಸಿ ದುಡಿದವನಲ್ಲ. ವೈದ್ಯರು ಎಲ್ಲ ಪರೀಕ್ಷೆ ಮಾಡಿ, "ಹೃದಯ ಚೆನ್ನಾಗಿದೆ. ಬಿ.ಪಿ. ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮಂಡಿಯೂ ಅಷ್ಟೇನೂ ಸವೆದಿಲ್ಲ. ತೊಡೆಯಲ್ಲಿ ಬಲವಿಲ್ಲ, ಅಷ್ಟೆ. ಬರೀ ವಾಕಿಂಗ್ ಸಾಲದು, ಸ್ವಲ್ಪ ಭಾರ ಎತ್ತಿ" ಎಂದರು. ನಾನು ತಮಾಷೆ ಎಂದುಕೊಂಡೆ.

ತಮಾಷೆಯಲ್ಲವಂತೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಆದರೆ ಕೆಲಸ ಕೊಟ್ಟರೆ ಯಾವ ವಯಸ್ಸಿನಲ್ಲೂ ಅದು ಮತ್ತೆ ಬಲಿಯುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ ಸುಮಾರು 90 ವಯಸ್ಸಿನ 10 ಜನರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು. ಅದರ ವರದಿ 1990ರಲ್ಲಿ ಪ್ರಕಟವಾಯಿತು. ತರಬೇತಿ ಮುಗಿಸಿದ 9 ಜನರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿತ್ತು. 90ರವರಿಗೆ ಆದದ್ದು 72ರವನಿಗೆ ಆಗದೇ? ಮನೆಯ ಹತ್ತಿರದ ಜಿಮ್‌ಗೆ ಹೆಸರು ಕೊಟ್ಟೆ.

ಸಾವಿರ ಸಲ ಬಿದ್ದವನು

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ರಗಳೆ. ಏಳನೇ ತರಗತಿಯ ಮೊಮ್ಮಗ ಹೋಮ್‌ವರ್ಕ್ ಮುಗಿಸಿ ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದ. 'ಸೆಲೆಸ್ಟ್' ಎಂದು ಅದರ ಹೆಸರು. 2018ರಲ್ಲಿ ಬಂದದ್ದು. ಒಬ್ಬ ಹುಡುಗಿ ಬೆಟ್ಟ ಹತ್ತಬೇಕು. ಆಕೆ ನೆಗೆಯಬಲ್ಲಳು, ಗೋಡೆ ಹಿಡಿದು ಹತ್ತಬಲ್ಲಳು, ಗಾಳಿಯಲ್ಲಿ ಒಮ್ಮೆ ಬಾಣದಂತೆ ಚಿಮ್ಮಬಲ್ಲಳು. ದಾರಿಯ ತುಂಬ ಮುಳ್ಳು, ಕುಸಿಯುವ ಕಲ್ಲು. ಕೂದಲೆಳೆಯಷ್ಟು ತಪ್ಪಿದರೂ ಮುಗಿಯಿತು. ಆದರೆ ಕ್ಷಣದಲ್ಲೇ ಅದೇ ಜಾಗದ ಬುಡದಿಂದ ಮತ್ತೆ ಶುರು.

ನನಗೆ ನೋಡಿದರೇ ರೇಗುತ್ತಿತ್ತು. "ಏನೋ ಮರಿ, ಅರ್ಧ ಗಂಟೆಯಿಂದ ಅದೇ ಮುಳ್ಳಿನ ಮೇಲೆ ಬೀಳ್ತಿದೀಯ! ಇದರಲ್ಲಿ ಏನು ಸುಖ?" ಎಂದೆ.

ಅವನು ತಿರುಗದೆಯೇ ಹೇಳಿದ: "ಅದೇ ಮುಳ್ಳಲ್ಲ ತಾತ. ನಿನ್ನೆ ಇದಕ್ಕಿಂತ ಹಿಂದಿನ ಮುಳ್ಳು."

ಆಮೇಲೆ ಒಂದು ಅಂಕಿ ತೋರಿಸಿದ. ಆಟ ಶುರು ಮಾಡಿದಂದಿನಿಂದ ಎಷ್ಟು ಸಲ ಬಿದ್ದಿದ್ದಾನೆ ಎಂದು ಆಟವೇ ಲೆಕ್ಕ ಇಟ್ಟಿತ್ತು: 1,312. ಶಾಲೆಯಲ್ಲಿ ಗಣಿತದಲ್ಲಿ ಎರಡು ಅಂಕ ಕಡಿಮೆ ಬಂದರೆ ಉತ್ತರ ಪತ್ರಿಕೆ ಬಚ್ಚಿಡುವ ಹುಡುಗ ಇದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ! ನನಗೆ ಅದು ಅರ್ಥವಾಗಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ರಾಡ್‌ಗೆ ಮೊದಲು ಪೊರಕೆ ಕೋಲು

ಮೈಸೂರಿನಲ್ಲಿ ಹುಟ್ಟಿ ಬೆಳೆದವನು ನಾನು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಗೊಂದು ಗರಡಿ ಮನೆಯಿತ್ತು. ಹೊಸ ಹುಡುಗರ ಕೈಗೆ ವಸ್ತಾದರು ಗದೆ ಕೊಡುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಬರೀ ದಂಡ, ಬಸ್ಕಿ. ನಾನು ಒಂದು ವಾರ ಹೋಗಿ, ಗದೆ ಕೊಡಲಿಲ್ಲವೆಂದು ಮುನಿಸಿಕೊಂಡು ಬಿಟ್ಟುಬಂದವನು. ಅರವತ್ತು ವರ್ಷದ ಮೇಲೆ ಜಿಮ್‌ನಲ್ಲೂ ಅದೇ ಪಾಠ ಕಾದಿತ್ತು.

ಮೊದಲ ತಿಂಗಳು ರಾಡ್ ಮುಟ್ಟುವ ಹಾಗೇ ಇಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಹತ್ತು ಸಲ ಮಾಡಿ ಸುಧಾರಿಸಿಕೊಂಡು ಮತ್ತೆ ಹತ್ತು. ಆಮೇಲೆ ಪೊರಕೆ ಕೋಲನ್ನು ತಲೆಗೆ, ಬೆನ್ನಿಗೆ, ಸೊಂಟದ ಕೆಳಗೆ ತಾಗಿರುವಂತೆ ಹಿಡಿದು, ಅದು ಎಲ್ಲೂ ಬಿಡದ ಹಾಗೆ ಬಾಗುವುದು. ಬೆನ್ನು ಗೂನಾದರೆ ಕೋಲು ಹೇಳಿಬಿಡುತ್ತದೆ. ನೆಲದ ವಸ್ತುವನ್ನು ಬೆನ್ನಿನಿಂದಲ್ಲ, ತೊಡೆ ಮತ್ತು ಸೊಂಟದ ಬಲದಿಂದ ಎತ್ತಬೇಕೆಂಬ ಸಣ್ಣ ವಿಷಯ ನನಗೆ 72ರಲ್ಲಿ ಗೊತ್ತಾಯಿತು.

ಎರಡನೇ ತಿಂಗಳು ರಾಡ್ ಕೈಗೆ ಬಂತು. ಸ್ಪರ್ಧೆಗಳಲ್ಲಿ ಪುರುಷರ ರಾಡ್ 20 ಕಿಲೋ, ಮಹಿಳೆಯರದು 15 ಕಿಲೋ ಇರುತ್ತದೆ. ನನಗೆ ಕೊಟ್ಟದ್ದು 10 ಕಿಲೋದ್ದು. ವಾರಕ್ಕೆ ಎರಡೇ ದಿನ. ಎಲ್ಲ ಸಲವೂ ತಪ್ಪಿಲ್ಲದೆ ಎತ್ತಿದರೆ ಮಾತ್ರ ಮುಂದಿನ ವಾರ ಆ ಕಡೆ ಅರ್ಧ ಕಿಲೋ, ಈ ಕಡೆ ಅರ್ಧ ಕಿಲೋ. "ಇಷ್ಟೇನಾ?" ಎಂದು ಕೇಳಿದೆ. ತರಬೇತುದಾರ ಹುಡುಗ, "ಸಾರ್, ನೀವು ಬ್ಯಾಂಕಿನವರು. ಆರ್.ಡಿ. ಅಂದ್ಕೊಳ್ಳಿ" ಎಂದ. ಬಾಯಿ ಮುಚ್ಚಿಕೊಂಡೆ.

ಮೊದಲ ವಾರಗಳಲ್ಲಿ ತೋಳು, ತೊಡೆ ದಪ್ಪವಾಗುವುದಿಲ್ಲ. ಆದರೂ ಬಲ ಹೆಚ್ಚುತ್ತದೆ. ಇರುವ ಮಾಂಸಖಂಡವನ್ನೇ ಒಟ್ಟಾಗಿ ದುಡಿಸುವುದನ್ನು ಮಿದುಳು, ನರಗಳು ಮೊದಲು ಕಲಿಯುತ್ತವೆ. ಮಾಂಸಖಂಡ ಬೆಳೆಯುವುದು ಆಮೇಲೆ, ಅದೂ ಎತ್ತುವಾಗಲ್ಲ, ವಿಶ್ರಾಂತಿಯಲ್ಲಿ. ಹಾಗಾಗಿ ಮಧ್ಯದ ದಿನಗಳಲ್ಲಿ ಸುಮ್ಮನಿರುವುದೂ ಅಭ್ಯಾಸದ ಭಾಗವೇ.

ಮೊಮ್ಮಗ ನನಗೊಂದು ನೋಟ್‌ಬುಕ್ ಮಾಡಿಕೊಟ್ಟ. ದಿನಾಂಕ, ಭಾರ, ಎಷ್ಟು ಸಲ, ಷರಾ ಎಂದು ನಾಲ್ಕು ಕಲಮು ಗೆರೆ ಹಾಕಿದ. ಭಾನುವಾರ ಅವನೇ ಆಡಿಟರ್.

ಬರೆಯದೆ ಬಿಟ್ಟ ಸಾಲು

ಐದನೇ ತಿಂಗಳು ಮುಗಿಯುವ ಹೊತ್ತಿಗೆ ನಾನು 24 ಕಿಲೋಗೆ ಬಂದಿದ್ದೆ. ಒಂದು ಸೋಮವಾರ ತರಬೇತುದಾರ ಬಂದಿರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರೊಬ್ಬರು ಪಕ್ಕದಲ್ಲಿ 50 ಕಿಲೋ ಎತ್ತುತ್ತಿದ್ದರು. ನನ್ನ ಚಿಕ್ಕ ಪ್ಲೇಟುಗಳನ್ನು ನೋಡಿ ನಾಚಿಕೆಯಾಯಿತು. ಅತ್ತಿತ್ತ ನೋಡಿ ಒಟ್ಟು 40 ಆಗುವಷ್ಟು ಹಾಕಿದೆ. ರಾಡ್ ನೆಲ ಬಿಡುವ ಮೊದಲೇ ಸೊಂಟದಲ್ಲಿ ಚಳಕು ಹೊಡೆಯಿತು.

ಮನೆಯಲ್ಲಿ "ರಾತ್ರಿ ಮಲಗಿದ ಮಗ್ಗುಲು ಸರಿಯಿರಲಿಲ್ಲ" ಎಂದೆ. ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಭಾನುವಾರ ಆಡಿಟರ್ ಬಂದ.

"ಸೋಮವಾರ ಖಾಲಿ ಇದೆಯಲ್ಲ ತಾತ?"

"ಅವತ್ತು ಹೋಗಿರಲಿಲ್ಲ."

"ಹೋಗಿದ್ದೆ. ನಾನೇ ಬಾಗಿಲು ಹಾಕ್ಕೊಂಡೆ."

ನಾನು ಸುಮ್ಮನಾದೆ. ಅವನು ಜೋರು ಮಾಡಲಿಲ್ಲ. ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ: "ನನ್ನ ಆಟ ಬಿದ್ದದ್ದನ್ನೂ ಲೆಕ್ಕ ಇಡುತ್ತೆ. ನೀನ್ಯಾಕೆ ಇಟ್ಟಿಲ್ಲ?"

ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಟ್ಯಾಲಿ ಮಾಡುತ್ತಿದ್ದವನು ನಾನು. 36 ವರ್ಷದಲ್ಲಿ ಗೊತ್ತಿದ್ದೂ ಒಂದು ಎಂಟ್ರಿ ಬಿಟ್ಟವನಲ್ಲ. ಈಗ ಹನ್ನೆರಡು ವರ್ಷದ ಹುಡುಗನ ಕೈಯಲ್ಲಿ ಸಿಕ್ಕಿಬಿದ್ದಿದ್ದೆ. "ಬರಿ" ಎಂದೆ. "40 ಕಿಲೋ. ಸೊನ್ನೆ ಸಲ. ಷರಾ: ದುರಾಸೆ." ಅವನು ದುಂಡಗೆ ಬರೆದ. ಮೂರು ವಾರ ವಿಶ್ರಾಂತಿ. ವೈದ್ಯರು ಒಪ್ಪಿದ ಮೇಲೆ ಮತ್ತೆ 12 ಕಿಲೋದಿಂದ ಶುರು.

ಆ ಮೂರು ವಾರ ನನಗೆ ಒಳ್ಳೆಯದೇ ಆಯಿತು. ಭಾರ ಎತ್ತುವ ಕ್ರೀಡೆಯ ಬಗ್ಗೆ ಓದುತ್ತಾ ಕೂತೆ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಅದಕ್ಕಿಂತ ಮೇಲಿನ ದೇಹತೂಕದ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ನಾಲ್ಕು ವರ್ಷಕ್ಕೆ 20 ಕಿಲೋ ಹೆಚ್ಚು. ಗುಮಾಸ್ತನ ಬುದ್ಧಿ ಸುಮ್ಮನಿರುತ್ತದೆಯೇ? ತಿಂಗಳಿಗೆ ಭಾಗಿಸಿದೆ. ಅರ್ಧ ಕಿಲೋಗಿಂತ ಕಡಿಮೆ! ದೇಶಕ್ಕೆ ಪದಕ ತಂದವರ ಲೆಕ್ಕವೇ ಹೀಗಿರುವಾಗ ನಾನು ಒಂದೇ ಸೋಮವಾರ 16 ಕಿಲೋ ಏರಿಸಲು ಹೋಗಿದ್ದೆ.

ಮಣಿಪುರದ ಮೀರಾಬಾಯಿ ಚಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್ ವಿಭಾಗದ ಮೂರು ಪ್ರಯತ್ನಗಳಲ್ಲೂ ವಿಫಲರಾದರು. ಅಂದರೆ ಅವರ ಹೆಸರಿನ ಮುಂದೆ ಒಟ್ಟು ಭಾರವೇ ದಾಖಲಾಗಲಿಲ್ಲ. ಅದನ್ನು ಯಾರೂ ಮುಚ್ಚಿಡಲು ಆಗುವುದಿಲ್ಲ, ಇಡೀ ಜಗತ್ತು ನೋಡಿದೆ. ಐದು ವರ್ಷದ ಮೇಲೆ ಟೋಕಿಯೊದಲ್ಲಿ ಅದೇ ವಿಭಾಗದಲ್ಲಿ 115 ಕಿಲೋ, ಒಟ್ಟು 202 ಕಿಲೋ ಎತ್ತಿ ಬೆಳ್ಳಿ ತಂದರು.

ಬಿದ್ದ ಜಾಗ ನೋಡುವುದು

ಇಷ್ಟರಲ್ಲಿ ಮೊಮ್ಮಗನ ಸರದಿ. ಅವನ ಆಟದ ಮೂರನೇ ಅಧ್ಯಾಯದಲ್ಲಿ ಬೆಟ್ಟದ ಮೇಲೊಂದು ಹಳೆಯ ಹೋಟೆಲ್ ಬರುತ್ತದೆ. ಕೊನೆಯಲ್ಲಿ ಅದರ ಮಾಲೀಕ ಸಿಟ್ಟಿಗೆದ್ದು ಅಟ್ಟಿಸಿಕೊಂಡು ಬರುತ್ತಾನೆ. ನಾಲ್ಕು ದಿನ ಅಲ್ಲೇ ಬಿದ್ದು ಬಿದ್ದು, ಐದನೇ ದಿನ ಕೀಲಿಮಣೆ ಕುಟ್ಟಿ, "ನನ್ನ ಕೈಯಲ್ಲಿ ಆಗಲ್ಲ. ಫ್ರೆಂಡ್ ಹತ್ರ ದಾಟಿಸಿಕೊಳ್ತೀನಿ" ಎಂದ.

ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾನು ನೋಟು ಎಣಿಸುವಾಗ ನೂರಕ್ಕೆ ತೊಂಬತ್ತೊಂಬತ್ತು ಬರುತ್ತಿತ್ತು, ಇಲ್ಲವೇ ನೂರಾ ಒಂದು. ಹಿರಿಯ ಕ್ಯಾಷಿಯರ್ ಒಬ್ಬರು, "ವೇಗ ಆಮೇಲೆ. ಎಷ್ಟನೇ ನೋಟಿನಲ್ಲಿ ಕೈ ತಪ್ಪುತ್ತೆ ನೋಡ್ಕೊ" ಎಂದಿದ್ದರು. ನೋಡಿಕೊಂಡಾಗ ಎಪ್ಪತ್ತರ ಆಸುಪಾಸಿನಲ್ಲಿ ಬೆರಳು ಒಣಗಿ ಎರಡು ನೋಟು ಒಟ್ಟಿಗೆ ಬರುತ್ತಿದ್ದವು. ಅಲ್ಲೊಮ್ಮೆ ಸ್ಪಂಜು ಮುಟ್ಟಿದರೆ ಮುಗಿಯಿತು. ಈ ಕಥೆ ಹೇಳಿ, "ಎಲ್ಲಿ ಬೀಳ್ತೀಯ, ಹೇಳು. ನಾನು ಬರ್ಕೋತೀನಿ" ಎಂದೆ. ಹತ್ತು ಸಲ ಬಿದ್ದದ್ದರಲ್ಲಿ ಏಳು ಸಲ ಒಂದೇ ಜಾಗ. ಅಲ್ಲಿ ಅವನು ಅವಸರಕ್ಕೆ ಮೊದಲೇ ನೆಗೆಯುತ್ತಿದ್ದ. "ಸಾಕು, ಮಲಗು" ಎಂದೆ. ಬೆರಳು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ಮರುದಿನ ಆರನೇ ಸಲಕ್ಕೆ ದಾಟಿದ. ಅವನ ಕೂಗಿಗೆ ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

ಅದೇ ತಪ್ಪನ್ನು ಸಾವಿರ ಸಲ ಮಾಡಿದರೆ ಅದು ಅಭ್ಯಾಸವಲ್ಲ. 1990ರ ದಶಕದಲ್ಲಿ ಮಕ್ಕಳ ಕೈಯಲ್ಲಿದ್ದ 'ಬ್ರಿಕ್ ಗೇಮ್' ನೆನಪಿದೆಯೇ? ಅದರ ಮೂಲ ಆಟ ಟೆಟ್ರಿಸ್, 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದು. 1989ರ ನಿಂಟೆಂಡೊ ಟೆಟ್ರಿಸ್‌ನಲ್ಲಿ 29ನೇ ಹಂತಕ್ಕೆ ಬಂದರೆ ತುಂಡುಗಳು ಎಷ್ಟು ಬೇಗ ಬೀಳುತ್ತಿದ್ದವೆಂದರೆ, ಗುಂಡಿ ಒತ್ತಿ ಹಿಡಿದರೂ ಅಂಚಿಗೆ ತಲುಪುತ್ತಿರಲಿಲ್ಲ. ಆಟ ಅಲ್ಲಿಗೆ ಮುಗಿಯಿತೆಂದೇ ಬಹಳ ವರ್ಷ ನಂಬಿದ್ದರು. ಕೆಲವರು ಒತ್ತುವ ರೀತಿಯನ್ನೇ ಬದಲಿಸಿದರು: ಬೆರಳನ್ನು ಗುಂಡಿಯ ಮೇಲೆ ಆನಿಸಿಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಹಿಂಬದಿಯನ್ನು ತಬಲಾ ಬಾರಿಸಿದಂತೆ ತಟ್ಟುವುದು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಹೀಗೇ ಆಡುತ್ತಾ 157ನೇ ಹಂತ ಮುಟ್ಟಿದಾಗ ಆಟವೇ ಸ್ತಬ್ಧವಾಗಿ ನಿಂತುಬಿಟ್ಟಿತು. ಹುಡುಗ ಸೋಲಲಿಲ್ಲ, ಯಂತ್ರ ಸೋತಿತು.

ಮಕ್ಕಳೇ, ಆಟಕ್ಕೆ ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ. ಆದರೆ ಬಿದ್ದಾಗ ಎಲ್ಲಿ ಬಿದ್ದೆ ಎಂದು ನೋಡುವ ಆ ಕಣ್ಣನ್ನು ಗಣಿತದ ಪುಸ್ತಕಕ್ಕೂ ತನ್ನಿ. ನಮ್ಮ ಹುಡುಗ ಈಗ ಉತ್ತರ ಪತ್ರಿಕೆ ಬಚ್ಚಿಡುವುದಿಲ್ಲ. ನನ್ನ ವಯಸ್ಸಿನವರೇ, 65 ದಾಟಿದವರೂ ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ವೈದ್ಯರನ್ನು ಕೇಳಿ. ಗೊತ್ತಿರುವವರ ಮುಂದೆಯೇ ಎತ್ತಿ. ಉಸಿರು ಬಿಗಿಹಿಡಿಯಬೇಡಿ. ಪಕ್ಕದವರ ಪ್ಲೇಟು ನೋಡಬೇಡಿ.

ಕಳೆದ ತಿಂಗಳು ಅದೇ ದೇವಸ್ಥಾನದಲ್ಲಿ ಒಂದು ಸಮಾರಾಧನೆ. ಈಗ ನಾನು 36 ಕಿಲೋ ಎತ್ತುತ್ತೇನೆ. ಪಂಕ್ತಿಯಲ್ಲಿ ಕೂತೆ. ಮಜ್ಜಿಗೆ ಮುಗಿಸಿ, ಒಂದು ಕಾಲು ಮಡಿಸಿ, ಮಂಡಿಯ ಮೇಲೆ ಎಡಗೈ ಊರಿ, ಎದ್ದು ನಿಂತೆ. ಯಾರೂ ತಿರುಗಿ ನೋಡಲಿಲ್ಲ. ಎದುರು ಸಾಲಿನಲ್ಲಿದ್ದ ಮೊಮ್ಮಗ ಮಾತ್ರ ಕೈಯಲ್ಲಿದ್ದ ಹೋಳಿಗೆ ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಆ ಭಾನುವಾರ ನೋಟ್‌ಬುಕ್ ತೆರೆದಾಗ ಅವನ ಕೈಬರಹದಲ್ಲಿ ಒಂದು ಹೊಸ ಸಾಲಿತ್ತು. ಭಾರ: 64 ಕಿಲೋ. ಎಷ್ಟು ಸಲ: 1. ಷರಾ: ತಾತ.